ನಾನೂರ ನಲವತ್ತೇಳು ಹೆಸರುಗಳು

7 ಜುಲೈ 2025, ಸೋಮವಾರ

ನಮ್ಮ ಮನೆಯವರ ಔಷಧದ ಅಂಗಡಿಗೆ ಯಾವುದೋ ಕಂಪನಿಯವರು ಕೊಟ್ಟ ಡೈರಿ ಆರು ತಿಂಗಳಿಂದ ಖಾಲಿ ಬಿದ್ದಿತ್ತು. ಪ್ರತಿ ಪುಟದ ಕೆಳಗೂ ಒಂದೊಂದು ಗುಳಿಗೆಯ ಚಿತ್ರ. ಇವತ್ತಿನದು ಎದೆಯುರಿಯ ಗುಳಿಗೆ, ಇವತ್ತಿಗೆ ಸರಿಯಾಗಿದೆ. ಮನೆಯಲ್ಲಿ ಹೇಳಿಕೊಂಡರೆ ಇವರು ನಗುತ್ತಾರೆ, ಕಾಲೇಜಿನಲ್ಲಿ ಹೇಳಿದರೆ ಸಂಜೆಯೊಳಗೆ ಪ್ರಿನ್ಸಿಪಾಲರ ಕಿವಿಗೆ ಬೀಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹತ್ತು ಗಂಟೆಗೆ ಪ್ರಿನ್ಸಿಪಾಲ್ ಗುರುಸಂಗಪ್ಪನವರು ಕರೆಸಿದರು. ಆಗಸ್ಟ್ ಇಪ್ಪತ್ತಕ್ಕೆ ವಿಶ್ವವಿದ್ಯಾಲಯದ ಕಮಿಟಿ ಬರುತ್ತದಂತೆ. ಅವರು ಒಪ್ಪಿದರೆ ಹಗರಿಬೊಮ್ಮನಹಳ್ಳಿಯ ನಮ್ಮ ಈ ಫಾರ್ಮಸಿ ಕಾಲೇಜು ಸಂಶೋಧನಾ ಕೇಂದ್ರವಾಗುತ್ತದೆ, ಇಲ್ಲಿಯೇ ಪಿಎಚ್‌ಡಿ ಮಾಡಬಹುದು. ಆದರೆ ಗೈಡ್ ಆಗುವವರ ಪ್ರಬಂಧಗಳನ್ನು ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಕನಿಷ್ಠ ಐನೂರು ಸಲ ಹೆಸರಿಸಿರಬೇಕು. ಅದಕ್ಕೆ ಸೈಟೇಶನ್ ಎನ್ನುತ್ತಾರೆ, ಕನ್ನಡದಲ್ಲಿ ಉಲ್ಲೇಖ. ಉಳಿದ ಮೇಷ್ಟ್ರುಗಳದ್ದೆಲ್ಲ ಕೂಡಿಸಿದರೂ ನಲವತ್ತು ದಾಟುವುದಿಲ್ಲ. ಡಾ. ಕೊಟ್ರಸ್ವಾಮಿಯೊಬ್ಬರದೇ 1312.

"ಸುಕನ್ಯಾ ಮೇಡಂ, ಸಾವಿರದ ಮುನ್ನೂರಾ ಹನ್ನೆರಡು! ಸುತ್ತ ನಾಕು ಜಿಲ್ಲಾದಾಗ ಯಾರ ಹತ್ರ ಐತಿ ಹೇಳ್ರಿ? ಫ್ಲೆಕ್ಸ್ ಮಾಡಸಾಕ ಕೊಟ್ಟೀನಿ. ಫೈಲ್ ಮಾತ್ರ ನೀವ ಮಾಡಬೇಕು" ಎಂದರು.

ಆ ಸಂಖ್ಯೆಯನ್ನು ಹುಡುಕಿಕೊಟ್ಟವಳು ನಾನೇ. ಹೋದ ವರ್ಷ ಎಲ್ಲ ಮೇಷ್ಟ್ರುಗಳಿಗೂ ಇಂಟರ್ನೆಟ್ಟಿನಲ್ಲಿ ಪ್ರೊಫೈಲ್ ಮಾಡಿಕೊಟ್ಟಿದ್ದು ಲೈಬ್ರರಿಯನ್ ಆದ ನಾನು. ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲಿದ್ದೇನೆ. ಪ್ರತಿ ಸೆಪ್ಟೆಂಬರಿನಲ್ಲಿ ಪ್ರಿನ್ಸಿಪಾಲರು ಸಹಿ ಹಾಕಿದರೆ ಇನ್ನೊಂದು ವರ್ಷ ಇರುತ್ತೇನೆ. ಹಾಗಾಗಿ ಹೂಂ ಅನ್ನುವುದೇ ನನ್ನ ಮುಖ್ಯ ಕೆಲಸ. ಹೂಂ ಅಂದೆ.

ಈ ಕೊಟ್ರಸ್ವಾಮಿಗೆ ಸ್ಟಾಫ್ ರೂಮಿನಲ್ಲಿ ಕುರಿ ಡಾಕ್ಟ್ರು ಎಂದು ಹೆಸರು. ಹಿರೇಹಡಗಲಿ ಕಡೆಯ ಕುರಿ ಕಾಯುವವರ ಮಗ, ಸಂಶೋಧನೆಯೂ ಕುರಿಯ ಹೊಟ್ಟೆಹುಳದ ಮೇಲೆಯೇ. ನಾನೂ ಹಾಗೇ ಕರೆಯುತ್ತೇನೆ, ಅವರೂ ನಗುತ್ತಾರೆ. ಕುರಿಹುಳದ ಬಗ್ಗೆ ಓದಲು ಲೋಕದಲ್ಲಿ ಸಾವಿರದ ಮುನ್ನೂರು ಜನ ಇದ್ದಾರೆಂದರೆ ಶಿವನೇ ಬಲ್ಲ.

9 ಜುಲೈ, ಬುಧವಾರ

ಫೈಲಿಗೆ ಫೋಟೋ ಬೇಕೆಂದು ಕುರಿ ಡಾಕ್ಟ್ರ ರೂಮಿಗೆ ಹೋದೆ. ಮೊದಲು ಅದು ಮುರಿದ ಸ್ಟೂಲುಗಳನ್ನು ಒಟ್ಟುವ ಉಗ್ರಾಣವಾಗಿತ್ತು. ಈಗ ಮುಚ್ಚಳ ತೆಗೆದ ನಾಲ್ಕು ಕಂಪ್ಯೂಟರು, ಎದುರಿಗೆ ಎರಡು ಟೇಬಲ್ ಫ್ಯಾನು. ಮನುಷ್ಯರಿಗೆ ಗಾಳಿ ಇಲ್ಲ, ಯಂತ್ರಕ್ಕೆ ಇದೆ. ಹದಿನೆಂಟು ದಿನದಿಂದ ಒಂದೇ ಲೆಕ್ಕ ಓಡುತ್ತಿದೆಯಂತೆ.

ಏನು ಮಾಡುತ್ತೀರಿ ಎಂದು ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದೆ.

"ಹುಳದ ಮೈಯಾಗ ಒಂದು ಪ್ರೋಟೀನ್ ಐತ್ರಿ, ಅದನ್ನ ಬೀಗ ಅಂತ ತಿಳ್ಕರಿ. ಔಷಧ ಅಂದ್ರ ಕೀಲಿ. ಒಂದೊಂದ ಕೀಲಿ ಮಾಡಿ ಹಚ್ಚಿ ನೋಡಾಕ ಹೋದ್ರ ಜನ್ಮ ಸಾಲಂಗಿಲ್ಲ. ಅದಕ್ಕ ಕಂಪ್ಯೂಟರ್‌ನಾಗ ಲಕ್ಷಗಟ್ಟಲೆ ಕೀಲಿ ಹಚ್ಚಿ ನೋಡ್ತೀವಿ. ಹೊಂದಬೋದು ಅನ್ನಿಸಿದ್ದನ್ನ ಬ್ಯಾರೆ ಲ್ಯಾಬಿಗೆ ಕಳಿಸಿ ಖರೇ ಹುಳದ ಮ್ಯಾಲ ನೋಡೂದು."

"ಎಷ್ಟು ಹೊಂದಿದುವು?"

"ಇನ್ನೂರಾ ಹದಿನೆಂಟು ಕಳ್ಸಿದ್ವಿ. ಆರು ಹೊಂದಿದ್ವು. ಅವೂ ಅರ್ಧಂಬರ್ಧ."

ಉಳಿದ ಇನ್ನೂರ ಹನ್ನೆರಡರ ಪಟ್ಟಿಯನ್ನೂ ಕುರಿ ಡಾಕ್ಟ್ರು ಹೆಸರು ಸಮೇತ ಪ್ರಕಟಿಸಿದ್ದಾರೆ. ಪಾಸಾದವರ ಪಟ್ಟಿ ಹಚ್ಚುವುದನ್ನು ನೋಡಿದ್ದೇನೆ, ಫೇಲಾದವರ ಪಟ್ಟಿಯನ್ನು ಜಗತ್ತಿಗೆಲ್ಲ ಹಂಚುವವರನ್ನು ಇವತ್ತೇ ನೋಡಿದ್ದು.

ಅಲ್ಲಿಯೇ ಇನ್ನೊಂದು ಮೇಜಿಗೆ ಭೂಮಿಕಾ ಕೂತಿದ್ದಳು, ಇಟ್ಟಿಗಿಯ ಹುಡುಗಿ. ಎಂ.ಫಾರ್ಮ್ ಮುಗಿಸಿ ಒಂದು ವರ್ಷದಿಂದ ಡಾಕ್ಟ್ರ ಹತ್ತಿರ ಕೆಲಸ ಕಲಿಯುತ್ತಿದ್ದಾಳೆ. ಮುಂಜಾನೆ ಹೋಗಿ ಸಂಜೆ ಮನೆಗೆ ಬರುವ ಹಾಗಿದ್ದರೆ ಪಿಎಚ್‌ಡಿ ಮಾಡು, ದೂರದ ಊರಾದರೆ ಬೇಡ, ಗಂಡು ನೋಡುತ್ತೇನೆ ಎಂದು ಅವಳ ಅಪ್ಪ ಹೇಳಿದ್ದಾರೆ. ಕಮಿಟಿ ಒಪ್ಪಿದರೆ ಅವಳೇ ಮೊದಲ ವಿದ್ಯಾರ್ಥಿನಿ. "ಮೇಡಂ, ಫೈಲ್ ಛಲೋ ಮಾಡ್ರಿ" ಎಂದು ನನ್ನ ಕೈ ಹಿಡಿದಳು. ನನಗೆ ಒಂಥರಾ ಆಯಿತು.

14 ಜುಲೈ, ಸೋಮವಾರ

ಹಳೆಯ ಪ್ರಬಂಧಗಳ ಪ್ರತಿ ಮನೆಯಲ್ಲಿವೆ ಎಂದರು, ಮಧ್ಯಾಹ್ನ ಅವರ ಜೊತೆಯೇ ಹೋದೆ. ಊರ ಹೊರಗೆ, ಮುಚ್ಚಿದ ಹತ್ತಿ ಗಿರಣಿಯ ಹಿಂದೆ ಮನೆ. ಬೇರೆಲ್ಲೂ ಬಾಡಿಗೆಗೆ ಸಿಗಲಿಲ್ಲವಂತೆ. ಸಿಗುವುದಾದರೂ ಹೇಗೆ, ತಾಯಿಯ ಜೊತೆಗೆ ಮೂವತ್ತು ಕುರಿಯೂ ಬಂದಿವೆ. ಮಗ ಡಾಕ್ಟರ್ ಆದರೂ ಮುದುಕಿ ಕುರಿ ಬಿಟ್ಟಿಲ್ಲ.

ಬಾಗಿಲಿಗೆ ಹೋಗುವ ಮೊದಲೇ ವಾಸನೆ ಬಂತು. ಮುದುಕಿ ಕಂಬಳಿ ಹಾಸಿ "ಬಾರವ್ವ, ಚಾ ಮಾಡ್ತೀನಿ, ನಮ್ಮ ಕುರಿ ಹಾಲಿಂದು" ಎಂದಳು. ಸೋಮವಾರ, ಹೊರಗೆ ಏನೂ ಮುಟ್ಟುವುದಿಲ್ಲ ಎಂದೆ. ಸೋಮವಾರ ಎನ್ನುವುದು ಸುಳ್ಳಲ್ಲ. ನಿಂತೇ ಕಾಗದ ತೆಗೆದುಕೊಂಡು ಐದೂವರೆಯ ಬಸ್ಸಿಗೆ ಕೊಟ್ಟೂರಿಗೆ ಬಂದೆ, ಬಂದವಳೇ ಸೀರೆ ನೆನೆಹಾಕಿದೆ.

17 ಜುಲೈ, ಗುರುವಾರ

ಊಟಕ್ಕೂ ಕೂರದೆ ಬರೆಯುತ್ತಿದ್ದೇನೆ.

ಪ್ರೊಫೈಲಿನಲ್ಲಿ ಕೊಟ್ರಸ್ವಾಮಿಯವರ ಪ್ರಬಂಧ ನಲವತ್ತೊಂದು. ಮನೆಯಿಂದ ತಂದ ಕಟ್ಟಿನಲ್ಲಿ ಹದಿನೆಂಟು. ಉಳಿದವು ಎಲ್ಲಿ ಎಂದು ಒಂದೊಂದೇ ತೆರೆದೆ. ಎಲ್ಲವೂ ಕಂಪ್ಯೂಟರಿನಲ್ಲಿ ಔಷಧ ಹುಡುಕುವ ಕೆಲಸವೇ, ಹೆಸರೂ ಕೆ. ಕೊಟ್ರಸ್ವಾಮಿ ಎಂದೇ. ಆದರೆ ರೋಗ ಕ್ಯಾನ್ಸರ್, ವಿಳಾಸ ಹೈದರಾಬಾದು. ಒಂದು ಪ್ರಬಂಧ 2011ರದ್ದು, ಆಗ ನಮ್ಮ ಕುರಿ ಡಾಕ್ಟ್ರು ಹರಪನಹಳ್ಳಿಯಲ್ಲಿ ಪಿಯುಸಿ ಹುಡುಗರಿಗೆ ಪಾಠ ಹೇಳುತ್ತಿದ್ದರು.

ಅವರು ಬೇರೆ ಕೊಟ್ರಸ್ವಾಮಿ.

ಹೋದ ವರ್ಷ ಪ್ರೊಫೈಲ್ ಮಾಡುವಾಗ ಯಂತ್ರ "ಇವೂ ನಿಮ್ಮವೇ?" ಎಂದು ಮೂರು ಸಲ ಕೇಳಿತ್ತು. ಮೂರು ಸಲವೂ ಹೌದು ಎಂದು ಒತ್ತಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವಳು ನಾನು! ಕೊಟ್ಟೂರಿನವಳಾಗಿ ನನಗೆ ತಿಳಿಯಬೇಕಿತ್ತು. ನಮ್ಮ ಓಣಿಯೊಂದರಲ್ಲೇ ಗಿರಣಿ ಕೊಟ್ರಸ್ವಾಮಿ, ಸೈಕಲ್ ಕೊಟ್ರಸ್ವಾಮಿ, ಪೋಸ್ಟ್ ಕೊಟ್ರಸ್ವಾಮಿ ಇದ್ದಾರೆ. ನನ್ನ ಮೈದುನನೂ ಕೊಟ್ರಸ್ವಾಮಿ, ಅತ್ತೆ ಕೊಟ್ರಬಸಮ್ಮ. ಈ ಸೀಮೆಯಲ್ಲಿ ಹರಕೆಯ ಮಗುವಿಗೆ ಕೊಟ್ಟೂರಿನ ದೇವರ ಆ ಹೆಸರಿಡದ ಮನೆಯೇ ಇಲ್ಲ, ಯಾವ ಜಾತಿಯವರೂ ಬಿಟ್ಟಿಲ್ಲ. ಓಣಿಯಲ್ಲಿ ಅಡ್ಡಹೆಸರು ಹಿಡಿದು ಕರೆಯುತ್ತೇವೆ. ಯಂತ್ರಕ್ಕೆ ಅಡ್ಡಹೆಸರು ಗೊತ್ತಿಲ್ಲ.

ಹೈದರಾಬಾದಿನವರ ಇಪ್ಪತ್ತಮೂರನ್ನು ತೆಗೆದರೆ ನಮ್ಮವರಿಗೆ ಉಳಿಯುವುದು 418 ಉಲ್ಲೇಖ. ಬೇಕಾದದ್ದು ಐನೂರು.

18 ಜುಲೈ, ಶುಕ್ರವಾರ

ಹೇಳಲಿಲ್ಲ. ಫ್ಲೆಕ್ಸ್ ಬಂದಿದೆ. ಆಳೆತ್ತರದ 1312.

20 ಜುಲೈ, ಭಾನುವಾರ

ಇವರಿಗೆ ಹೇಳಿದೆ. ಅಂಗಡಿಯ ಬಾಗಿಲು ಹಾಕಿ ಊಟಕ್ಕೆ ಕೂತಿದ್ದರು.

"ಲೇ ಸುಕನ್ಯಾ, ಸಾವಿರದ ಮುನ್ನೂರು ಇದ್ರೇನು, ನಾನೂರು ಇದ್ರೇನು? ಒಂದ ಗುಳಿಗಿನರ ನನ್ನ ಅಂಗಡಿಗಿ ಬಂದೈತೇನು ಆತನ ಕಂಪ್ಯೂಟರ್‌ನಿಂದ?"

"ಅದಲ್ಲ ರೀ, ಹೇಳಬೇಕೋ ಬ್ಯಾಡೋ?"

"ಇಪ್ಪತ್ತಕ್ಕ ಕಮಿಟಿ ಹೋತೈತಿ, ಸೆಪ್ಟೆಂಬರ್‌ಗೆ ನಿನ್ನ ಸಹಿ ಆಗ್ತೈತಿ. ಆಮ್ಯಾಲ ನೆನಪು ಮಾಡ್ಕ್ಯ" ಎಂದು ರೊಟ್ಟಿ ಮುರಿದರು.

ಪ್ರವೀಣಕುಮಾರ್ ಎಂಬ ಈ ಮನುಷ್ಯ ಹೇಳಿದ್ದು ಬುದ್ಧಿಯ ಮಾತೇ. ಆದರೆ ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಕಮಿಟಿಯಲ್ಲಿ ಯಾರಾದರೊಬ್ಬರು 2011ರ ಆ ಪ್ರಬಂಧ ತೆರೆದರೆ ಕಳ್ಳ ಅನ್ನಿಸಿಕೊಳ್ಳುವುದು ನಾನಲ್ಲ, ಕುರಿ ಡಾಕ್ಟ್ರು. ಅವರಿಗೆ ತಮ್ಮ ಸಂಖ್ಯೆ ಎಷ್ಟೆಂಬುದೂ ಗೊತ್ತಿಲ್ಲ.

22 ಜುಲೈ, ಮಂಗಳವಾರ

ಹೇಳಿಬಿಟ್ಟೆ. ಬೈಯುತ್ತಾರೆಂದು ಕೈಕಟ್ಟಿ ನಿಂತಿದ್ದೆ.

ಡಾ. ಕೊಟ್ರಸ್ವಾಮಿ ಮೊದಲು ಕೇಳಿದ್ದು, "ಆ ಕೊಟ್ರಸ್ವಾಮಿ ಯಾವೂರಾವ್ರಂತ್ರಿ?"

ಗೊತ್ತಿಲ್ಲ ಎಂದೆ. ಅವರು ಕುರ್ಚಿ ಎಳೆದು ನನ್ನನ್ನು ಕೂರಿಸಿದರು.

"ಕೆರಿಗಿ ನೀರ್ ಕುಡಿಯಾಕ ಹೋದಾಗ ಎರಡು ಹಿಂಡು ಕಲೀತಾವ ಮೇಡಂ. ಅದ್ರಾಗ ಯಾರ ತಪ್ಪೂ ಇಲ್ಲ. ಆದ್ರ ಗುರುತು ಸಿಕ್ಕ ಮ್ಯಾಲ ಇಟ್ಗಳ್ಳಂಗಿಲ್ಲ. ಬ್ಯಾರೆಯವರ ಕುರಿ ಹಟ್ಟ್ಯಾಗ ಇದ್ರ ನಮ್ಮವ್ವ ಉಣ್ಣಾಂಗಿಲ್ಲ. ಊಟಕ್ಕ ಮೊದ್ಲ ತೆಗೀರಿ."

"ಸರ್, ಐನೂರಕ್ಕ ಎಂಬತ್ತೆರಡು ಕಡಿಮಿ ಬೀಳ್ತಾವ."

"ಬೀಳ್ಲಿ."

ಅಲ್ಲಿಯೇ ಅವರ ಯಂತ್ರದಲ್ಲೇ ಇಪ್ಪತ್ತಮೂರನ್ನೂ ತೆಗೆದೆ. ಒಂದೊಂದು ತೆಗೆದಾಗಲೂ ಸಂಖ್ಯೆ ಇಳಿಯಿತು. ಅವರು ಸಂಖ್ಯೆಯ ಕಡೆ ನೋಡಲೇ ಇಲ್ಲ. ಉಳಿದ ಹದಿನೆಂಟು ಶೀರ್ಷಿಕೆಗಳ ಮೇಲೆ ಬೆರಳಾಡಿಸಿ "ಹಾಂ, ಇವು ನಮ್ಮವು" ಎಂದರು. ಆಮೇಲೆ ಭೂಮಿಕಾಳ ಖಾಲಿ ಕುರ್ಚಿ ನೋಡಿದರು, ಮುಖ ಸಪ್ಪಗಾಯಿತು. "ಆ ಹುಡುಗಿಗಿ ನಾನ ಹೇಳ್ತೀನಿ" ಎಂದರು. ನನಗೆ ಅಳು ಬಂತು. ಅವರೆದುರು ಅತ್ತೂಬಿಟ್ಟೆ.

23 ಜುಲೈ, ಬುಧವಾರ

ಪ್ರಿನ್ಸಿಪಾಲರು ಕೂಗಾಡಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಏನವಸ್ರ ಇತ್ರಿ ಮೇಡಂ? ಕಮಿಟಿ ಹೋದ ಮ್ಯಾಲ ತೆಗಿಬೋದಿತ್ತಲ್ಲ? ಆರು ವರ್ಸ ಓಡ್ಯಾಡೀನಿ ನಾನು ಅವ್ರನ್ನ ಇಲ್ಲಿಗಿ ಕರಸಾಕ" ಎಂದರು. ಜೊತೆಗಿದ್ದ ಡಾ. ಕೊಟ್ರಸ್ವಾಮಿ "ತೆಗಿ ಅಂದಾವ ನಾನು ಸರ್, ಮೇಡಂಗೆ ಏನೂ ಅನಬ್ಯಾಡ್ರಿ" ಎಂದರು. ಪ್ರಿನ್ಸಿಪಾಲರು ಕಿಟಕಿ ನೋಡುತ್ತಾ "ಸೆಪ್ಟೆಂಬರ್‌ನಾಗ ನೋಡೂಣಂತ" ಎಂದರು. ಯಾರಿಗೆ ಹೇಳಿದರೆಂದು ನನಗೆ ಗೊತ್ತಿದೆ.

ಫ್ಲೆಕ್ಸನ್ನು ಮಾತ್ರ ಕಟ್ಟಿಸಲಿಲ್ಲ. ಸುತ್ತಿ ಕುರ್ಚಿಯ ಹಿಂದೆ ನಿಲ್ಲಿಸಿದ್ದಾರೆ.

26 ಜುಲೈ, ಶನಿವಾರ

"ಹಿಂಡು ಕಲಸಿದಾಕಿನ ಕರಕಂಡ್ ಬಾ" ಎಂದು ಡಾಕ್ಟ್ರ ತಾಯಿ ಹೇಳಿದ್ದಾರಂತೆ. ಬೈಸಿಕೊಳ್ಳುವುದು ಬಾಕಿಯಿದ್ದರೆ ಇರಲಿ ಎಂದು ಹೋದೆ. ಹೆಸರು ಪಾಲಮ್ಮ. ಬೈಯಲಿಲ್ಲ, ಹಟ್ಟಿಯ ಬಾಗಿಲ ಬಳಿ ತನ್ನ ಪಕ್ಕ ನಿಲ್ಲಿಸಿಕೊಂಡಳು. ಕುರಿಗಳು ಮೇವಿನಿಂದ ಮರಳುವ ಹೊತ್ತು. ಒಂದೊಂದಾಗಿ ಒಳಗೆ ಹೋದವು. ಒಂದರ ಮೂತಿಯನ್ನೂ ಆಕೆ ನೋಡದೆ ಬಿಡಲಿಲ್ಲ.

"ಎಷ್ಟಾದ್ವು?" ಎಂದೆ.

"ಎಣಸಬಾರದವ್ವ."

"ಎಣಿಸದಿದ್ರ ಎಲ್ಲ ಬಂದುವಂತ ಹೆಂಗ ಗೊತ್ತಾಗ್ತೈತಿ?"

"ಎಣಿಸಿದ್ರ ಹೆಂಗ ಗೊತ್ತಾಗ್ತೈತಿ? ನಮ್ಮದೊಂದು ಹೋಗಿ ಮತ್ತೊಬ್ಬರದೊಂದು ಬಂದಿದ್ರ ಆಗೂ ಮೂವತ್ತ. ಯಾವ್ಯಾವು ಬಂದುವು ಅಂತ ನೋಡ್ಬೇಕು." ಒಂದು ಕುರಿಯನ್ನು ಹಿಡಿದು ಬಲಗಿವಿಯ ತುದಿಯಲ್ಲಿದ್ದ ಸಣ್ಣ ಕಚ್ಚು ತೋರಿಸಿದಳು. ಅದು ಇವರ ಮನೆತನದ ಗುರುತು, ಅವಳ ಅತ್ತೆಯ ಕಾಲಕ್ಕಿಂತಲೂ ಹಳೆಯದು. "ಕಿವಿ ನೋಡಿದ್ರ ಯಾರದು ಅಂತ ತಿಳಿತೈತಿ. ಮಾರಿ ನೋಡಿದ್ರ ಯಾವುದು ಅಂತ ತಿಳಿತೈತಿ."

ಕೊನೆಯದಾಗಿ ಒಂದು ಕುಂಟುತ್ತಾ ಬಂತು. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದಿತ್ತು. ಹೊಟ್ಟೆಯಲ್ಲಿ ಹುಳ ರಕ್ತ ಹೀರಿದರೆ ಹೀಗಾಗುತ್ತದಂತೆ. ಇದ್ದ ಔಷಧಗಳು ಈಗ ಹತ್ತುತ್ತಿಲ್ಲ. ಪಾಲಮ್ಮ ಅದರ ಗದ್ದವನ್ನು ಅಂಗೈಯಲ್ಲಿ ಹಿಡಿದು ನಿಂತೇ ಇದ್ದಳು.

ಬಸ್ಸಿನಲ್ಲಿ ಕೂತಾಗ ತಲೆಯಲ್ಲಿ ಅದೇ ಓಡುತ್ತಿತ್ತು. 418 ಸರಿ. ಯಾವ್ಯಾವು? ಇಷ್ಟು ದಿನ ಎಣಿಸಿದ್ದೇನೆ, ಒಂದನ್ನಾದರೂ ತೆರೆದು ನೋಡಿಲ್ಲ.

29 ಜುಲೈ, ಮಂಗಳವಾರ. ನಾಗರ ಪಂಚಮಿ

ಹಾಲೆರೆದು ಬಂದು ಹೊಸ ರಿಜಿಸ್ಟರಿಗೆ ಗೆರೆ ಹಾಕಿದೆ. ಒಂದು ಉಲ್ಲೇಖಕ್ಕೆ ಒಂದು ಸಾಲು. ಯಾರು, ಯಾವ ದೇಶ, ನಮ್ಮವರ ಯಾವ ಪ್ರಬಂಧ, ಅದರಿಂದ ಏನು ತೆಗೆದುಕೊಂಡರು. ನಾನೂರ ಹದಿನೆಂಟು ಸಾಲು, ಇಪ್ಪತ್ತೆರಡು ದಿನ. ಮನೆಗೆ ಮಾಡಿದ ಶೇಂಗಾ ಉಂಡೆಯಲ್ಲಿ ಅರ್ಧ ಡಬ್ಬಿ ಪಾಲಮ್ಮನಿಗೆ ಎತ್ತಿಟ್ಟೆ.

2 ಆಗಸ್ಟ್, ಶನಿವಾರ

ಎಪ್ಪತ್ತೊಂಬತ್ತು ಮುಗಿದವು. ಕೆಲವು ಸುಮ್ಮನೆ ಇವೆ. ಮದುವೆ ಪತ್ರಿಕೆಯ ಕೊನೆಯ ಸಾಲಿನಲ್ಲಿ "ಮತ್ತು ಬಂಧುಮಿತ್ರರು" ಎಂದು ಬರೆದ ಹಾಗೆ ಹದಿನೈದು ಹೆಸರಿನ ನಡುವೆ ನಮ್ಮವರದೂ ಒಂದು. ಹಾಗೆಯೇ ಬರೆದಿಟ್ಟಿದ್ದೇನೆ, ಬಣ್ಣ ಹಚ್ಚುವುದಿಲ್ಲ.

ಆದರೆ ಆ ಫೇಲಾದವರ ಪಟ್ಟಿ! ಬ್ರೆಜಿಲಿನವರು, ಇಥಿಯೋಪಿಯಾದವರು, ನ್ಯೂಜಿಲೆಂಡಿನವರು ಎಲ್ಲರೂ ಅದನ್ನೇ ಎತ್ತಿಕೊಂಡಿದ್ದಾರೆ. ಒಂದು ಕಡೆ ಬರೆದಿದ್ದಾರೆ: ಈ ಇನ್ನೂರ ಹನ್ನೆರಡು ಅಣುಗಳನ್ನು ಮತ್ತೆ ಪರೀಕ್ಷಿಸುವ ಅಗತ್ಯ ಬೀಳಲಿಲ್ಲ, ನಮ್ಮ ಹದಿನಾಲ್ಕು ತಿಂಗಳು ಉಳಿಯಿತು. ಹಗರಿಬೊಮ್ಮನಹಳ್ಳಿಯ ಉಗ್ರಾಣದಲ್ಲಿ ಕೂತ ಒಬ್ಬರು ಎಲ್ಲೋ ಇರುವ ಯಾರದೋ ಹದಿನಾಲ್ಕು ತಿಂಗಳು ಉಳಿಸಿದ್ದಾರೆ. ನಾನು ಒಬ್ಬಳೇ ಲೈಬ್ರರಿಯಲ್ಲಿ ಎದ್ದು ನಿಂತುಬಿಟ್ಟೆ. ಯಾಕೆ ನಿಂತೆನೋ ಗೊತ್ತಿಲ್ಲ.

5 ಆಗಸ್ಟ್, ಮಂಗಳವಾರ

ನೂರ ಅರವತ್ತಾರನೆಯದು ಓದಿ ಪೆನ್ನು ಕೆಳಗಿಟ್ಟೆ. ಪೋಲೆಂಡಿನವರು, ಕೊಟ್ರಸ್ವಾಮಿ ಫೇಲ್ ಎಂದಿರುವ ಒಂದು ಅಣು ಬೇರೆ ಜಾತಿಯ ಹುಳದ ಮೇಲೆ ಕೆಲಸ ಮಾಡುತ್ತದೆ, ಅವರ ಲೆಕ್ಕ ತಪ್ಪು ಎಂದು ಬರೆದಿದ್ದಾರೆ. ಈ ಸಾಲನ್ನು ಬಿಡಲೇ ಎಂದು ಕೇಳಲು ಸರ್ ಹತ್ತಿರ ಓಡಿದೆ.

ಅವರು ಓದಿದರು. ಮತ್ತೊಮ್ಮೆ ಓದಿದರು. ಮುಖ ಅರಳಿತು. "ಮೇಡಂ, ಇದು ಎಷ್ಟ್ ಛಲೋ ಆತಲ್ರಿ! ನಾನು ಸತ್ತೈತಿ ಅಂತ ಬಿಟ್ಟು ಬಂದದ್ದು ಜೀವಂತ ಐತಿ!" ಎಂದು ಭೂಮಿಕಾಳನ್ನು ಕರೆದು ತೋರಿಸಿದರು. ಸಂಜೆಯೊಳಗೆ ತಮ್ಮ ಪಟ್ಟಿಗೆ ತಿದ್ದುಪಡಿ ಬರೆದು ಕಳಿಸಿ, ಪೋಲೆಂಡಿನವರಿಗೆ ಧನ್ಯವಾದವನ್ನೂ ಬರೆದರು. ನನ್ನ ತಪ್ಪೊಂದನ್ನು ಯಾರಾದರೂ ಹಿಡಿದಾಗ ನಾನು ಹೀಗೆ ನಕ್ಕದ್ದು ನೆನಪಿಲ್ಲ.

ಮನೆಯಲ್ಲಿ ಇವರು ಕೇಳಿದ ಗುಳಿಗೆಯ ಪ್ರಶ್ನೆಯನ್ನೂ ಅವರ ಮುಂದಿಟ್ಟೆ. "ಇಲ್ರಿ, ಒಂದೂ ಬಂದಿಲ್ಲ. ನನ್ನ ಕಾಲಕ್ಕ ಬರೂದೂ ಅನುಮಾನ" ಎಂದರು, ಮುಚ್ಚುಮರೆಯಿಲ್ಲದೆ.

8 ಆಗಸ್ಟ್, ಶುಕ್ರವಾರ

ಹೈದರಾಬಾದಿನ ಕೊಟ್ರಸ್ವಾಮಿಯವರಿಗೆ ಕ್ಷಮೆ ಕೇಳಿ ಮೇಲ್ ಮಾಡಿದ್ದೆ. ಕನ್ನಡದಲ್ಲೇ ಉತ್ತರ ಬಂದಿದೆ! ಕೂಡ್ಲಿಗಿ ತಾಲೂಕಿನವರಂತೆ. "ನಿಮ್ಮ ಪತ್ರ ನೋಡಿ ನನ್ನದನ್ನೂ ಹುಡುಕಿದೆ. ನಿಮ್ಮ ಕೊಟ್ರಸ್ವಾಮಿಯವರ ಎರಡು ಪ್ರಬಂಧ ನನ್ನಲ್ಲಿ ಸೇರಿಕೊಂಡಿದ್ದವು. ಬಿಟ್ಟುಕೊಟ್ಟಿದ್ದೇನೆ" ಎಂದಿದ್ದಾರೆ. ಮನೆಯಿಂದ ತಂದ ಕಟ್ಟಿನಲ್ಲೂ ಇರದ ಆ ಎರಡಕ್ಕೆ ಇಪ್ಪತ್ತೊಂಬತ್ತು ಉಲ್ಲೇಖ. ಈಗ 447. ಇನ್ನೂ ಐವತ್ತಮೂರು ಕಡಿಮೆ, ಆದರೂ ಅತ್ತೆಗೆ ಹೇಳಿ ಪಾಯಸ ಮಾಡಿಸಿದೆ.

11 ಆಗಸ್ಟ್, ಸೋಮವಾರ

ಮಧ್ಯಾಹ್ನ ಸರ್ ಮನೆಯಲ್ಲಿ ಕೂತು ಭೂಮಿಕಾ ಓದಿ ಹೇಳಿದಳು, ನಾನು ಬರೆದೆ. ಪಾಲಮ್ಮ, ಈಗ ನನಗೂ ಪಾಲವ್ವ, ಚಹಾ ಕೊಟ್ಟರು. ಎರಡನೇ ಲೋಟ ನಾನೇ ಕೇಳಿದೆ, ಕುರಿ ಹಾಲಿನ ಚಹಾ ಅಷ್ಟು ಗಟ್ಟಿ ಇರುತ್ತದೆಂದು ಗೊತ್ತಿರಲಿಲ್ಲ. ಇವತ್ತು ಶ್ರಾವಣ ಸೋಮವಾರ ಎನ್ನುವುದು ಬಸ್ಸಿನಲ್ಲಿ ನೆನಪಾಯಿತು. ಹೋಗಲಿ. ಗದ್ದ ಊದಿದ್ದ ಆ ಕುರಿ ನಿನ್ನೆ ಸತ್ತಿತಂತೆ. ಪಾಲವ್ವ ನಾಲ್ಕು ದಿನದಿಂದ ಅದರ ಜೊತೆಯೇ ಮಲಗುತ್ತಿದ್ದರಂತೆ. ನನಗೂ ಬೇಜಾರಾಯಿತು.

390 ಆಯಿತು.

20 ಆಗಸ್ಟ್, ಬುಧವಾರ

ಮೂವರು ಬಂದಿದ್ದರು. ಅಧ್ಯಕ್ಷರು ಮೊದಲೇ ಕಳಿಸಿದ್ದ ಅರ್ಜಿ ತೆರೆದು, "ಇದರಲ್ಲಿ 1312 ಅಂತ ಇದೆ, ನಿಮ್ಮ ಪ್ರೊಫೈಲಿನಲ್ಲಿ 447 ಇದೆ. ಏನಿದು?" ಎಂದರು. ಪ್ರಿನ್ಸಿಪಾಲರು ಬೆವರು ಒರೆಸಿಕೊಂಡರು. ನನ್ನ ಕೆಲಸ ಫೈಲು ಕೊಟ್ಟು ಹಿಂದೆ ನಿಲ್ಲುವುದು. ಆದರೆ ಬಾಯಿ ತಾನೇ ತೆರೆಯಿತು.

"ಅದು ನನ್ನ ತಪ್ಪು ಸರ್. ಎರಡು ಕೊಟ್ರಸ್ವಾಮಿಗಳನ್ನ ಕೂಡಿಸಿದ್ದೆ. ತಿಳಿದ ದಿನವೇ ಇವರು ಬೇರೆ ಮಾಡಿಸಿದರು. ಉಳಿದ ನಾನೂರ ನಲವತ್ತೇಳೂ ಇದರಲ್ಲಿವೆ, ಒಂದೊಂದನ್ನೂ ಓದಿದ್ದೇನೆ" ಎಂದು ರಿಜಿಸ್ಟರು ಮುಂದಿಟ್ಟೆ.

ಅಧ್ಯಕ್ಷರು ನಿಯಮ ಐನೂರು ಎಂದರು. ಆದರೆ ಅವರ ಪಕ್ಕದಲ್ಲಿದ್ದ ವಯಸ್ಸಾದ ಮೇಡಂ, ಪಶುವೈದ್ಯಶಾಸ್ತ್ರದವರು, ರಿಜಿಸ್ಟರನ್ನು ತಮ್ಮ ಕಡೆ ಎಳೆದುಕೊಂಡು ಹಾಳೆ ತಿರುವುತ್ತಲೇ ಇದ್ದರು. ಚಹಾ ಆರಿತು. ಕೊನೆಗೆ ಸರ್ ಕಡೆ ನೋಡಿ, "ಇಷ್ಟರಲ್ಲಿ ನಿಮಗೆ ಇಷ್ಟವಾದದ್ದು ಯಾವುದು?" ಎಂದರು. ಸರ್ ಎದ್ದು ಬಂದು ಹಾಳೆ ತಿರುವಿ ನೂರ ಅರವತ್ತಾರನೆಯ ಸಾಲಿಗೆ ಬೆರಳಿಟ್ಟರು. ಆ ಮೇಡಂ ಓದಿ, "ಇದರಲ್ಲಿ ನಿಮ್ಮದು ತಪ್ಪು ಅಂತ ಬರೆದಿದ್ದಾರಲ್ಲ?" ಎಂದರು.

"ಹೌದ್ರಿ ಮೇಡಂ. ಅದು ಗೊತ್ತಾಗದಿದ್ರ ಇನ್ನೂ ಹತ್ತು ವರ್ಸ ಎಲ್ರೂ ಅದನ್ನ ಬಿಟ್ಟ ನಡೀತಿದ್ರು. ನನ್ನ ಮಾತ ನಂಬ್ಕಂಡು."

ಆ ಮೇಡಂ ರಿಜಿಸ್ಟರನ್ನು ತಮ್ಮ ಫೈಲಿಗೆ ಸೇರಿಸಿಕೊಂಡರು. ತೀರ್ಮಾನ ಪತ್ರದಲ್ಲಿ ಬರುತ್ತದೆ ಎಂದು ಮೂವರೂ ಹೋದರು. ಇಂಥ ಮನುಷ್ಯನ ಜೊತೆ ಹನ್ನೊಂದು ವರ್ಷ ಒಂದೇ ಕಟ್ಟಡದಲ್ಲಿದ್ದೆ.

9 ಸೆಪ್ಟೆಂಬರ್, ಮಂಗಳವಾರ

ಪತ್ರ ಬಂತು. ಸಂಶೋಧನಾ ಕೇಂದ್ರ: ಇಲ್ಲ. ಐನೂರಾದ ಮೇಲೆ ಮತ್ತೆ ಅರ್ಜಿ ಹಾಕಿ ಎಂದಿದ್ದಾರೆ. ಆದರೆ ಡಾ. ಕೊಟ್ರಸ್ವಾಮಿಯವರಿಗೆ ನಿಯಮ ಸಡಿಲಿಸಿ ಗೈಡ್ ಮಾನ್ಯತೆ ಕೊಟ್ಟಿದ್ದಾರೆ, ಸದ್ಯಕ್ಕೆ ಒಬ್ಬ ವಿದ್ಯಾರ್ಥಿಗೆ, ಇಲ್ಲಿಂದಲೇ ಕೆಲಸ ಮಾಡಬಹುದು. ಕಾರಣದ ಜಾಗದಲ್ಲಿ "ಲಗತ್ತಿಸಿದ ರಿಜಿಸ್ಟರ್ ನೋಡಿ" ಎಂದಿದೆ.

ಒಬ್ಬ ವಿದ್ಯಾರ್ಥಿ ಸಾಕು. ಭೂಮಿಕಾ ಪತ್ರವನ್ನು ಫೋಟೋ ತೆಗೆದು ಅಪ್ಪನಿಗೆ ಕಳಿಸಿದಳು, ಆಮೇಲೆ ನನ್ನನ್ನು ತಬ್ಬಿಕೊಂಡಳು. ಪ್ರಿನ್ಸಿಪಾಲರು ಕೇಂದ್ರ ಹೋಯಿತೆಂದು ನೊಂದುಕೊಂಡರೂ ಪೇಢೆ ತರಿಸಿದರು. ಸುತ್ತಿಟ್ಟಿದ್ದ ಫ್ಲೆಕ್ಸನ್ನು ಸರ್ ಕೇಳಿ ಒಯ್ದರು, ಕುರಿಮರಿಗಳ ಗೂಡು ಸೋರುತ್ತಿದೆಯಂತೆ.

14 ಸೆಪ್ಟೆಂಬರ್, ಭಾನುವಾರ

ರಜೆಯಾದರೂ ಹನ್ನೊಂದರ ಬಸ್ಸಿಗೆ ಹೋದೆ. "ನನ್ನ ಮಗನ ಹಿಂಡಿನಾಗ ಎಷ್ಟ್ ಉಳಿದುವಂತವ್ವ?" ಎಂದು ಪಾಲವ್ವ ಯಾವತ್ತೂ ಕೇಳಿರಲಿಲ್ಲ. ಇವತ್ತು ಕೇಳಿದ್ದು, "ಯಾರ್ಯಾರು?" ಎಂದು. ಚೀಲದಿಂದ ರಿಜಿಸ್ಟರಿನ ಜೆರಾಕ್ಸ್ ತೆಗೆದೆ.

ಒಂದನೆಯ ಸಾಲಿನಿಂದ ಓದಿದೆ. ಅವರು ಕಂಬಳಿಯ ಮೇಲೆ ಕೂತು ಕೇಳಿದರು. ಪ್ರತಿ ಹೆಸರಿಗೂ ಹೂಂ. ಬಾಯಿ ತಿರುಗದ ಹೆಸರುಗಳಿಗೂ ಹೂಂ. ಸುಮ್ಮನೆ ಹೆಸರಿಸಿದವರು ಬಂದಾಗ "ಹಾದು ಹೋದಾವು" ಎನ್ನುತ್ತಿದ್ದರು. ಕೆಲಸಕ್ಕೆ ಬಳಸಿಕೊಂಡವರು ಬಂದಾಗ "ಆತಗ ಕುರಿ ಅದಾವೇನು?" ಎನ್ನುತ್ತಿದ್ದರು. ಸರ್ ಎರಡು ಸಲ ಬಂದು "ಸಾಕು ಬಿಡವ್ವ, ಮೇಡಂಗೆ ಗಂಟ್ಲು ಬಿದ್ದೈತಿ" ಎಂದರು. ಇಬ್ಬರೂ ಅವರ ಕಡೆ ನೋಡಲಿಲ್ಲ.

ಮುನ್ನೂರ ಎಂಟನೆಯದು ಕೆನ್ಯಾ ದೇಶದ ವಂಜಿಕು ಎಂಬಾಕೆಯದು. ಫೇಲಾದದ್ದನ್ನೆಲ್ಲ ಬಿಟ್ಟು, ಉಳಿದ ಆರರಲ್ಲಿ ಒಂದನ್ನು ಹಳೆಯ ಔಷಧದ ಜೊತೆ ಕೂಡಿಸಿ ನಲವತ್ತು ಕುರಿಗೆ ಕುಡಿಸಿದ್ದಾಳೆ. ಹದಿನಾಲ್ಕನೆಯ ದಿನಕ್ಕೆ ಹಿಕ್ಕೆಯಲ್ಲಿ ಹುಳದ ಮೊಟ್ಟೆ ಅರ್ಧಕ್ಕಿಳಿದಿತ್ತು. ಓದಿ ಮುಂದಿನ ಸಾಲಿಗೆ ಹೋದೆ. ಹೂಂ ಬರಲಿಲ್ಲ.

"ಹದಿನೈದನೇ ದಿನ?" ಎಂದರು ಪಾಲವ್ವ.

"ಅಷ್ಟಕ್ಕ ನಿಲ್ಸ್ಯಾಳವ್ವ. ಪ್ರಬಂಧದಾಗ ಅಷ್ಟ ಐತಿ."

"ಅಕಿ ನಿಲ್ಲಿಸಿದ್ರ ಕುರಿ ನಿಲ್ತಾವೇನು? ಆ ನಲವತ್ತೂ ಈಗ ಅದಾವೋ ಇಲ್ಲೋ?"

ನನಗೆ ಗೊತ್ತಿರಲಿಲ್ಲ. ಸರ್ ಕಡೆ ನೋಡಿದೆ, ಅವರಿಗೂ ಗೊತ್ತಿರಲಿಲ್ಲ. ಅವರು ಬಾಗಿಲಿಗೆ ಒರಗಿ ತಾಯಿಯನ್ನೇ ನೋಡುತ್ತಿದ್ದರು. ಉಳಿದದ್ದನ್ನು ಓದಿ ಮುಗಿಸುವಾಗ ಕುರಿ ಮನೆಗೆ ಬಂದಿದ್ದವು. ಅಲ್ಲಿಯೇ ಕೂತು ಫೋನಿನಲ್ಲಿ ವಂಜಿಕುವಿಗೆ ಮೇಲ್ ಬರೆದೆ.

19 ಸೆಪ್ಟೆಂಬರ್, ಶುಕ್ರವಾರ

ಪುಟ ದೊಡ್ಡದಿದೆ, ಸಮಯವಿಲ್ಲ. ಪ್ರಿನ್ಸಿಪಾಲರು ನನ್ನ ಗುತ್ತಿಗೆಗೆ ಹತ್ತು ದಿನದ ಹಿಂದೆಯೇ ಸಹಿ ಹಾಕಿದ್ದಾರಂತೆ, ಕ್ಲರ್ಕ್ ಏಕಾಂತಪ್ಪ ಇವತ್ತು ಹೇಳಿದರು. ನಾನು ಕೇಳುವುದನ್ನೇ ಮರೆತಿದ್ದೆ.

ಕೆನ್ಯಾದಿಂದ ಉತ್ತರ ಬಂದಿದೆ. ಯಾರೂ ಇದುವರೆಗೆ ಈ ಪ್ರಶ್ನೆ ಕೇಳಿರಲಿಲ್ಲ ಎಂದು ಬರೆದಿದ್ದಾಳೆ. ಮೂವತ್ತೊಂಬತ್ತು ಇವೆ, ಕೆಲವು ಮರಿ ಹಾಕಿವೆ. ಒಂದು ಹುಳದಿಂದ ಸಾಯಲಿಲ್ಲ, ಕತ್ತೆಕಿರುಬ ಒಯ್ದಿತು. ಯಾವುದು ಎಂದು ಪಾಲವ್ವ ಕೇಳದೆ ಬಿಡುವುದಿಲ್ಲವೆಂದು ಅದನ್ನೂ ಮೊದಲೇ ಕೇಳಿಟ್ಟಿದ್ದೆ, ಹೇಳಿದ್ದಾಳೆ: ಎಡಗಿವಿ ಕಪ್ಪಗಿದ್ದ ಹೆಣ್ಣು ಕುರಿ, ಮುದಿಯದು, ಯಾವಾಗಲೂ ಹಿಂದೆ ಉಳಿಯುತ್ತಿತ್ತು.

ಎರಡೂವರೆ ಆಯಿತು, ಪಾಲವ್ವನ ಮನೆಗೆ ಹೊರಟೆ.